ಸೇವೆಯೂ ಕೂಲಿಯೂ



ಕ್ರೈಸ್ತರಾದ ನಮ್ಮ ಬಾಯಲ್ಲಿ ಸೇವೆ ಎಂಬ ಮಾತಿನಷ್ಟು ಪದೇ ಪದೇ ಬರುವ ಮಾತುಗಳು ಕೊಂಚವೇ. ದೇವರ ಸೇವೆ, ಸಭೆಯ ಸೇವೆ, ರೋಗಿಗಳ ಸೇವೆ, ಬಡವರ ಸೇವೆ ಎಂದು ಪ್ರತಿ ಆದಿತ್ಯವಾರವೂ ಹೇಳುತ್ತೇವೆ, ಕೇಳುತ್ತೇವೆ. ನಮ್ಮ ಕರ್ತನು ಸೊಂಟಕ್ಕೆ ಅಂಗವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದು ಈ ಮಾತಿಗೆ ಘನತೆಯನ್ನು ತಂದನಾದದರಿಂದ, ಅದು ನಮಗೆ ಪ್ರಿಯವಾಗಿರುವದು ಯುಕ್ತವೇ. ಆದರೆ ಒಳ್ಳೆಯ ಮಾತಿನ ಮರೆಯಲ್ಲಿ ಅನ್ಯಾಯವೂ ಅಡಗಿಕೊಳ್ಳಬಹುದು. ಆದಕಾರಣ ಈ ತಿಂಗಳು ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇವೆ: ರೋಗಿಯನ್ನೂ ಬಾಣಂತಿಯನ್ನೂ ಮುದುಕರನ್ನೂ ಅವರವರ ಮನೆಗೆ ಬಂದು ನೋಡಿಕೊಳ್ಳುವ ಸ್ತ್ರೀಗೆ, ಆಕೆಯ ಕೆಲಸವು ಸೇವೆಯಾಗಿದೆ ಎಂಬ ಕಾರಣದಿಂದಲೇ ಕಡಿಮೆ ಕೂಲಿ ಕೊಡುವದು ದೇವರ ದೃಷ್ಟಿಯಲ್ಲಿ ನ್ಯಾಯವೋ?

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳಲ್ಲಿ ವಾಸಿಸುವ ನಮಗೆ ಈ ಪ್ರಶ್ನೆಯು ದೂರದ್ದಲ್ಲ. ನಮ್ಮ ಊರುಗಳಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ಮುದುಕರು ಇದ್ದಾರೆ. ಅವರ ಮಕ್ಕಳಲ್ಲಿ ಅನೇಕರು ದುಡಿಮೆಗಾಗಿ ಬೆಂಗಳೂರಿಗೆ ಹೋಗಿದ್ದಾರೆ. ಆಗ ನೆರೆಯ ಒಬ್ಬ ವಿಧವೆಯೋ ಬಡಸ್ತ್ರೀಯೋ ಬಂದು ಅವರ ಮೈ ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಮಲಮೂತ್ರವನ್ನು ತೆಗೆದು ಹೋಗುತ್ತಾಳೆ. ಬಾಣಂತಿಗೆ ನೀರು ಹಾಕುವದಕ್ಕೂ ಕೂಸಿಗೆ ಎರೆಯುವದಕ್ಕೂ ಒಬ್ಬಳು ಬರುತ್ತಾಳೆ. ಇವರಿಗೆಲ್ಲಾ ಕೈಗೆ ಬಂದಷ್ಟನ್ನು, ಮನಸ್ಸಿಗೆ ತೋಚಿದ ದಿನ ಕೊಡುವದು ವಾಡಿಕೆ. ದರವೆಂಬುವದಿಲ್ಲ, ದಿನವೆಂಬುವದಿಲ್ಲ, ಕೇಳಿದರೆ ಆಸೆಬುರುಕಿ ಎಂಬ ಹೆಸರು ಬರುತ್ತದೆ.

ಇವರ ಹೊರತು ಸರ್ಕಾರದ ಕಡೆಯಿಂದ ಮನೆಮನೆಗೆ ಬರುವವಳು ಆಶಾ ಕಾರ್ಯಕರ್ತೆ. 2005ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವನ್ನು ಆರಂಭಿಸಿದಾಗ ಈ ಏರ್ಪಾಡು ಹುಟ್ಟಿತು. ಸುಮಾರು ಸಾವಿರ ಜನರಿಗೆ ಒಬ್ಬಳಂತೆ ಅದೇ ಊರಿನ ಸ್ತ್ರೀಯನ್ನು ಆರಿಸುತ್ತಾರೆ. ಆಕೆ ಗರ್ಭಿಣಿಯರ ಹೆಸರನ್ನು ಬರೆಸಬೇಕು; ಹೆರಿಗೆಗೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು; ಮಕ್ಕಳಿಗೆ ಚುಚ್ಚುಮದ್ದು ಹಾಕಿಸಬೇಕು; ಕ್ಷಯರೋಗಿಗೆ ಮಾತ್ರೆಗಳನ್ನು ಬಿಡದೆ ನುಂಗಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಹೋಗಿ, ಕೂಸನ್ನು ತೂಕಮಾಡಿ, ಮೈ ಬಿಸಿ ನೋಡಿ, ಹೊಕ್ಕುಳನ್ನು ಪರೀಕ್ಷಿಸಿ, ಹಾಲೂಡುವ ಕ್ರಮವನ್ನು ಹೇಳಿಕೊಡಬೇಕು. ಈ ಆರು ಭೇಟಿಗಳಿಗೆ ಗೊತ್ತುಮಾಡಿದ ಪ್ರೋತ್ಸಾಹಧನವು ಒಟ್ಟು 250 ರೂಪಾಯಿ. ಭಾಗಿಸಿ ನೋಡಿದರೆ ಒಂದು ಭೇಟಿಗೆ 42 ರೂಪಾಯಿಯೂ ಆಗುವದಿಲ್ಲ.

2025ರ ಆರಂಭದಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಗೆ ರಾಜ್ಯ ಸರ್ಕಾರದಿಂದ ಗೊತ್ತಾಗಿ ಬರುತ್ತಿದ್ದದ್ದು ತಿಂಗಳಿಗೆ 5,000 ರೂಪಾಯಿ. ಮಿಕ್ಕದ್ದು ಕೆಲಸಗಳ ಲೆಕ್ಕದ ಮೇಲೆ. ಆ ವರ್ಷದ ಜನವರಿಯಲ್ಲಿ ಸಾವಿರಾರು ಮಂದಿ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತರು. ಏಪ್ರಿಲಿನಿಂದ ಕಡಿಮೆಯೆಂದರೂ 10,000 ರೂಪಾಯಿ ದೊರೆಯುವಂತೆ ಮಾಡುವೆವೆಂದು ಸರ್ಕಾರವು ಮಾತು ಕೊಟ್ಟ ಮೇಲೆ ಅವರು ಎದ್ದು ಮನೆಗೆ ಹೋದರು. ಆ ಮಾತನ್ನು ನಡಿಸಿಕೊಡಬೇಕೆಂದು ಅದೇ ವರ್ಷದ ಆಗಸ್ಟಿನಲ್ಲಿ ಅವರು ಮತ್ತೆ ಧರಣಿ ಕೂಡಬೇಕಾಯಿತು. ಇದಕ್ಕೆ ಮೊದಲು, 2022ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತ್ತು. ಲೋಕವೆಲ್ಲಾ ಹೊಗಳಿದ ಕೈಗಳು ಬೀದಿಯಲ್ಲಿ ಕೂತು ಕೂಲಿಯನ್ನು ಕೇಳಬೇಕಾದದ್ದು ಯಾತಕ್ಕೆ?

ಕಾರಣವು ಒಂದು ಹೆಸರಿನಲ್ಲಿ ಅಡಗಿದೆ. ಆಶಾ ಕಾರ್ಯಕರ್ತೆಯು ಕೆಲಸಗಾರಳಲ್ಲ, ಸ್ವಇಚ್ಛೆಯಿಂದ ಬಂದ ಸೇವಕಿ ಎಂದು ಕಾಗದದಲ್ಲಿ ಬರೆದಿದ್ದಾರೆ. ಆದದರಿಂದ ಆಕೆಗೆ ಕೊಡುವದು ಸಂಬಳವಲ್ಲ, ಗೌರವಧನ. ಸಂಬಳವಾದರೆ ಇಷ್ಟೇ ಇರಬೇಕೆಂಬ ಕಟ್ಟಳೆಯುಂಟು. ಗೌರವಕ್ಕೆ ಅಳತೆ ಎಲ್ಲಿಯದು? ನಮ್ಮ ಸೀಮೆಯ ಬೇರೆ ಕೆಲಸಗಳನ್ನು ನೋಡಿರಿ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಸಿಂಧನೂರಿನ ಕಡೆಯಲ್ಲಿ ಭತ್ತದ ನಾಟಿಗೆ ಹೋಗುವ ಹೆಣ್ಣಾಳು ದರವನ್ನು ಗೊತ್ತುಮಾಡಿಕೊಳ್ಳದೆ ಗದ್ದೆಗೆ ಇಳಿಯುವದಿಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಗೆ ಇಳಿಯುವ ಖಾಯಂ ಕೆಲಸಗಾರನಿಗೆ ತಿಂಗಳ ಸಂಬಳವೂ ಭವಿಷ್ಯನಿಧಿಯೂ ಉಂಟು. ಭತ್ತಕ್ಕೂ ಚಿನ್ನಕ್ಕೂ ದುಡಿದವರಿಗೆ ಕೂಲಿಯೆಂಬ ಹೆಸರಿನಲ್ಲಿ ಹಣ ಸಿಕ್ಕುತ್ತದೆ. ಮನುಷ್ಯನ ಕೂಸಿಗಾಗಿ ದುಡಿದವಳಿಗೆ ಮಾತ್ರ ಗೌರವವೆಂಬ ಹೆಸರಿನಲ್ಲಿ ಚಿಲ್ಲರೆ ಸಿಕ್ಕುತ್ತದೆ. ಇದು ತಲೆಕೆಳಗಾದ ತಕ್ಕಡಿಯಲ್ಲವೋ?

ಈಗ ಇದಕ್ಕೆ ವಿರೋಧವಾಗಿ ಹೇಳುವ ಮಾತುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದಾಗಿ ಕೆಲವರು, ಪ್ರೀತಿಯಿಂದ ಮಾಡುವ ಕೆಲಸಕ್ಕೆ ಹಣವನ್ನು ತಂದರೆ ಪ್ರೀತಿಯು ಕೆಡುವದು, ರೋಗಿಯ ಹಾಸಿಗೆಯು ಅಂಗಡಿಯಾಗುವದು ಎನ್ನುತ್ತಾರೆ. ಈ ಮಾತು ಕೇಳುವದಕ್ಕೆ ಇಂಪಾಗಿದೆ. ಆದರೆ ದೇವರ ವಾಕ್ಯವು ಹೀಗೆ ಕಲಿಸುವದಿಲ್ಲ. ವಿಮೋಚನಕಾಂಡದ ಎರಡನೆಯ ಅಧ್ಯಾಯವನ್ನು ಓದಿರಿ. ಫರೋಹನ ಮಗಳು ನದಿಯ ಆಪಿನಲ್ಲಿ ಕೂಸನ್ನು ಕಂಡು, ಹಾಲು ಕುಡಿಸಿ ಸಾಕುವದಕ್ಕೆ ಒಬ್ಬ ಇಬ್ರಿಯ ಸ್ತ್ರೀಯನ್ನು ಕರಿಸಿದಳು. ಬಂದವಳು ಆ ಕೂಸನ್ನು ಹೆತ್ತ ತಾಯಿಯೇ. ರಾಜಪುತ್ರಿಯು ಆಕೆಗೆ ಸಂಬಳವನ್ನು ಕೊಡುವೆನೆಂದು ಹೇಳಿದಳು, ತಾಯಿಯು ಬೇಡವೆನ್ನಲಿಲ್ಲ. ಮೋಶೆಯ ತಾಯಿಗಿಂತ ಹೆಚ್ಚು ಪ್ರೀತಿಯಿಂದ ಕೂಸನ್ನು ಸಾಕಿದ ದಾದಿ ಯಾವ ದೇಶದಲ್ಲಿದ್ದಾಳು? ಆಕೆಯ ಮಡಿಲಿಗೆ ಸಂಬಳ ಬಿದ್ದದರಿಂದ ಎದೆಯ ಹಾಲು ಬತ್ತಲಿಲ್ಲ. ಹೀಗಿರಲಾಗಿ ಕೂಲಿಯು ಪ್ರೀತಿಯ ಶತ್ರುವಲ್ಲ. ಹಸಿವೇ ಪ್ರೀತಿಯ ಶತ್ರು. ತನ್ನ ಮಕ್ಕಳಿಗೆ ರಾತ್ರಿ ರೊಟ್ಟಿ ಉಂಟೋ ಇಲ್ಲವೋ ಎಂದು ಚಿಂತಿಸುವವಳು ಪರರ ಮುದುಕನಿಗೆ ನಗುಮುಖದಿಂದ ಗಂಜಿ ಕುಡಿಸುವದು ಎಷ್ಟು ಕಷ್ಟ!

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ನಾವು ಚಿಕ್ಕಂದಿನಿಂದ ಬಲ್ಲೆವು. ಆದರೆ ಅದರ ಕೊನೆಯ ಭಾಗವನ್ನು ಅವಸರದಿಂದ ಓದಿ ಬಿಡುತ್ತೇವೆ. ಅವನು ಗಾಯಪಟ್ಟವನನ್ನು ಛತ್ರಕ್ಕೆ ಕರತಂದು ಒಂದು ರಾತ್ರಿ ತಾನೇ ಆರೈಕೆ ಮಾಡಿದನು. ಮಾರನೆಯ ದಿನ ಹೊರಡುವಾಗ ಛತ್ರದವನ ಕೈಗೆ ಎರಡು ಹಣಗಳನ್ನು ಕೊಟ್ಟು, ಇದಕ್ಕಿಂತ ಹೆಚ್ಚು ವೆಚ್ಚವಾದರೆ ತಿರಿಗಿ ಬರುವಾಗ ತೀರಿಸುವೆನೆಂದು ಒಪ್ಪಿಕೊಂಡನು. ತನ್ನ ಶ್ರಮವನ್ನು ಅವನು ಉಚಿತವಾಗಿ ಕೊಟ್ಟನು. ಛತ್ರದವನ ಶ್ರಮವನ್ನು ಉಚಿತವಾಗಿ ಕೇಳಲಿಲ್ಲ. ನೀನೂ ಪುಣ್ಯ ಕಟ್ಟಿಕೋ, ಇದು ಸೇವೆಯಲ್ಲವೇ ಎಂದು ಅವನಿಗೆ ಉಪದೇಶ ಮಾಡಲೂ ಇಲ್ಲ. ಈ ಭೇದವನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಸೇವೆ ಎಂಬ ಮಾತು ಕೊಡುವವಳ ಬಾಯಲ್ಲಿ ಶೋಭಿಸುತ್ತದೆ. ಪಡಕೊಳ್ಳುವವನ ಬಾಯಲ್ಲಿ ಅದು ಸಾಲವನ್ನು ತಪ್ಪಿಸುವ ನೆವವಾಗುತ್ತದೆ. ನನ್ನ ಕೂಲಿ ಬೇಡವೆಂದು ಹೇಳುವ ಅಧಿಕಾರವು ದುಡಿದವಳಿಗೆ ಉಂಟು. ನಿನಗೆ ಕೂಲಿ ಯಾಕೆ ಎಂದು ಹೇಳುವ ಅಧಿಕಾರವು ದುಡಿಸಿಕೊಂಡವನಿಗೆ ಇಲ್ಲ.

ಹಾಗಾದರೆ ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೂ ಕೂಲಿ ಕೊಡಬೇಕೋ ಎಂದು ಯಾರಾದರೂ ಕೇಳಬಹುದು. ಮನೆಯವಳು ಅದೇ ಗಡಿಗೆಯ ಅನ್ನವನ್ನು ಉಣ್ಣುತ್ತಾಳೆ. ಮನೆಯ ಸುಖದುಃಖಗಳಲ್ಲಿ ಆಕೆಗೆ ಪಾಲುಂಟು. ಉಪಕಾರಸ್ಮರಣೆಯೂ ವಿಶ್ರಾಂತಿಯೂ ಆಕೆಗೆ ಸಲ್ಲತಕ್ಕವು. ಹೊರಗಿನಿಂದ ಬಂದವಳಿಗಾದರೋ ಆ ಗಡಿಗೆಯಲ್ಲಿ ಪಾಲಿಲ್ಲ, ಹೊಲದಲ್ಲಿ ಪಾಲಿಲ್ಲ. ಕೂಲಿಯೇ ಆಕೆಯ ಪಾಲು. ನಮ್ಮ ಮನೆಯವಳಂತೆ ಎಂದು ಬಾಯಲ್ಲಿ ಹೇಳಿ, ಮನೆಯವಳ ಪಾಲನ್ನೂ ಕೊಡದೆ ಆಳಿನ ಕೂಲಿಯನ್ನೂ ಕೊಡದೆ ಇರುವದು ಎರಡು ಕಡೆಯೂ ವಂಚನೆ.

ಎರಡನೆಯದಾಗಿ, ಆಕೆ ಒಪ್ಪಿಕೊಂಡೇ ಬಂದಳಲ್ಲವೇ, ಇಷ್ಟಕ್ಕೇ ಬರುವೆನೆಂದವಳಿಗೆ ಹೆಚ್ಚು ಯಾಕೆ ಎಂಬ ಮಾತುಂಟು. ಈ ಮಾತನ್ನು ಆಡುವ ಮೊದಲು ನಮ್ಮ ಹಿರಿಯರನ್ನು ನೆನಸಿಕೊಳ್ಳೋಣ. 1948ಕ್ಕೆ ಮುಂಚೆ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದಾಗ, ಊರ ಗೌಡನಿಗೂ ಬಂದ ಅಧಿಕಾರಿಗೂ ಬಿಟ್ಟಿ ದುಡಿದವರು ಯಾರು? ಗಂಟು ಹೊತ್ತವರು ಯಾರು? ಸತ್ತ ದನವನ್ನು ಎಳೆದವರು ಯಾರು? ಆ ಕೆಲಸಕ್ಕೂ ಒಂದು ಚಂದದ ಹೆಸರು ಇತ್ತು: ಅದು ನಿಮ್ಮ ಹುಟ್ಟಿನ ಧರ್ಮ, ಊರಿಗೆ ನೀವು ಸಲ್ಲಿಸುವ ಸೇವೆ ಎನ್ನುತ್ತಿದ್ದರು. ನಮ್ಮ ಅಜ್ಜಂದಿರೂ ಒಪ್ಪಿಕೊಂಡೇ ಮಾಡಿದರು. ಒಪ್ಪದಿದ್ದರೆ ಉಣ್ಣುವದಕ್ಕೆ ಇರಲಿಲ್ಲವಷ್ಟೆ. 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 23ನೆಯ ವಿಧಿಯಲ್ಲಿ ಬಿಟ್ಟಿಯನ್ನೂ ಬಲಾತ್ಕಾರದ ದುಡಿತವನ್ನೂ ನಿಷೇಧಿಸಿತು. 1982ರಲ್ಲಿ ದಿಲ್ಲಿಯ ಏಷ್ಯಾದ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದ ಕೂಲಿಕಾರರ ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಾಧೀಶರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೋಲು ಹಿಡಿದು ದುಡಿಸುವದು ಮಾತ್ರ ಬಲಾತ್ಕಾರವಲ್ಲ. ಹಸಿವಿನ ಒತ್ತಾಯದಿಂದ ಗೊತ್ತಾದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೂ ಅದು ಬಲಾತ್ಕಾರದ ದುಡಿತವೇ ಎಂದು ತೀರ್ಪು ಕೊಟ್ಟರು. ದೇವರು ಇಸ್ರಾಯೇಲ್ಯರಿಗೆ ಕೂಲಿಯವನನ್ನೂ ವಿಧವೆಯನ್ನೂ ಕುರಿತು ಆಜ್ಞೆ ಕೊಟ್ಟ ಸ್ಥಳದಲ್ಲಿಯೇ, ನೀವು ಐಗುಪ್ತದಲ್ಲಿ ದಾಸರಾಗಿದ್ದದ್ದನ್ನು ಮರೆಯಬಾರದೆಂದು ಎಚ್ಚರಿಸುತ್ತಾನೆ (ಧರ್ಮೋಪದೇಶಕಾಂಡ 24). ಬಿಟ್ಟಿಯ ಕಹಿಯನ್ನು ಉಂಡ ಮನೆತನದವರು ಇನ್ನೊಬ್ಬಳಿಗೆ ಅದನ್ನೇ ಬಡಿಸುವದು ತಕ್ಕದ್ದಲ್ಲ.

ಮೂರನೆಯದಾಗಿ, ಇದು ಕೀಳು ಕೆಲಸ, ವಿದ್ಯೆ ಬೇಕಿಲ್ಲದ ಕೆಲಸ, ಇದಕ್ಕೆ ಇಷ್ಟು ಸಾಕು ಎಂಬ ಎಣಿಕೆಯುಂಟು. ಹಾಸಿಗೆ ಹಿಡಿದವನ ಬೆನ್ನು ಹುಣ್ಣಾಗದಂತೆ ಹೊರಳಿಸುವದು, ನುಂಗಲಾರದವನಿಗೆ ನೆತ್ತಿಗೆ ಹತ್ತದಂತೆ ಕುಡಿಸುವದು, ಎಳೆಗೂಸಿನ ಉಸಿರಾಟವನ್ನು ನೋಡಿ ಅಪಾಯವನ್ನು ತಿಳಿಯುವದು, ಇವೆಲ್ಲಾ ವಿದ್ಯೆಯಲ್ಲವೆಂದು ಹೇಳುವವನು ಒಂದು ರಾತ್ರಿ ಅದನ್ನು ಮಾಡಿ ನೋಡಲಿ. ಮಲವನ್ನು ಮುಟ್ಟುವ ಕೈಯು ಕೀಳೆಂಬ ಭಾವವಾದರೋ ಸುವಾರ್ತೆಯಿಂದ ಬಂದದ್ದಲ್ಲ. ನಾವು ಬಿಟ್ಟುಬಂದೆವೆಂದು ಹೇಳುವ ಜಾತಿಭೇದದಿಂದ ಬಂದದ್ದು. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಬರೆಸಿದ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ಅಶೋಕನೆಂಬ ಸ್ವಂತ ಹೆಸರನ್ನು ಅದು ಹೊತ್ತಿರುವದರಿಂದ ಲೋಕದ ಪಂಡಿತರೆಲ್ಲಾ ಅದನ್ನು ಬಲ್ಲರು. ಆದರೆ ಅದರ ಉಪದೇಶವನ್ನು ಕೇಳಿರಿ: ಉನ್ನತವಾದ ಗತಿಯು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಧರ್ಮದಲ್ಲಿ ನಡೆಯುವ ಅಲ್ಪನೂ ಅದನ್ನು ಹೊಂದಬಲ್ಲನು ಎಂಬುವದೇ ಅದರ ತಾತ್ಪರ್ಯ. ಅದೇ ಅರಸನು ಬೇರೆ ಬಂಡೆಗಳ ಮೇಲೆ, ದಾಸರನ್ನೂ ಕೂಲಿಯಾಳುಗಳನ್ನೂ ಸರಿಯಾಗಿ ನಡಿಸಿಕೊಳ್ಳುವದು ಧರ್ಮದ ಒಂದು ಅಂಗವೆಂದು ಬರೆಸಿದನು. ಕ್ರಿಸ್ತನ ಹೆಸರು ಕೇಳದ ಅರಸನು ಇದನ್ನು ಕಲ್ಲಿನ ಮೇಲೆ ಕೆತ್ತಿಸಿರುವಲ್ಲಿ, ಕ್ರಿಸ್ತನ ಹೆಸರನ್ನು ಧರಿಸಿರುವ ನಾವು ಅದನ್ನು ಹೃದಯದ ಮೇಲೆ ಕೆತ್ತಿಕೊಳ್ಳಬೇಡವೋ? ಸತ್ಯವೇದವು ರೆಬೆಕ್ಕಳ ದಾದಿಯಾದ ದೆಬೋರಳ ಹೆಸರನ್ನು ಮರೆಯಲಿಲ್ಲ. ಆಕೆ ಸತ್ತಾಗ ಬೇತೇಲಿನ ಕೆಳಗೆ ಒಂದು ಮರದಡಿಯಲ್ಲಿ ಹೂಣಿಟ್ಟರೆಂದೂ, ಆ ಮರಕ್ಕೆ ಅಳುವಿನ ಹೆಸರು ಬಂದಿತೆಂದೂ ಬರೆದಿಟ್ಟಿದೆ (ಆದಿಕಾಂಡ 35). ನಮ್ಮಲ್ಲಿ ಎಷ್ಟು ಮನೆಗಳವರು ತಮ್ಮ ತಂದೆಯ ಕೊನೆಗಾಲದಲ್ಲಿ ನೋಡಿಕೊಂಡವಳ ಹೆಸರನ್ನು ನೆನಪಿನಲ್ಲಿ ಇಟ್ಟಿದ್ದಾರೆ?

ನಾಲ್ಕನೆಯದಾಗಿ ಸಭೆಯ ಇತಿಹಾಸವನ್ನೇ ಮುಂದಿಟ್ಟು, ಹಿಂದಿನ ಕಾಲದ ಕ್ರೈಸ್ತ ಸ್ತ್ರೀಯರು ಸಂಬಳವಿಲ್ಲದೆ ರೋಗಿಗಳನ್ನು ನೋಡಿಕೊಳ್ಳಲಿಲ್ಲವೇ ಎನ್ನುವರು. ಹೌದು, ನೋಡಿಕೊಂಡರು. 1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬ ಊರಿನಲ್ಲಿ ಪಾಸ್ಟರ್ ಥಿಯೊಡೋರ್ ಫ್ಲೀಡ್ನರ್ ಅವರು ಸಭಾಸೇವಕಿಯರ ಮನೆಯನ್ನು ಸ್ಥಾಪಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು 1851ರಲ್ಲಿ ಅಲ್ಲಿ ಶುಶ್ರೂಷೆಯನ್ನು ಕಲಿತರು. ಆ ಸೇವಕಿಯರು ಲೋಕದ ರೀತಿಯ ಸಂಬಳವನ್ನು ತಕ್ಕೊಳ್ಳಲಿಲ್ಲ. ಆದರೆ ಮನೆಯು ಅವರಿಗೆ ಅನ್ನ, ವಸ್ತ್ರ, ಕೈಖರ್ಚುಗಳನ್ನು ಕೊಟ್ಟು, ಕಾಯಿಲೆ ಬಿದ್ದರೆ ನೋಡಿಕೊಂಡು, ಮುಪ್ಪಿನಲ್ಲಿ ಮರಣದ ವರೆಗೆ ಆಶ್ರಯವನ್ನು ಕೊಡುತ್ತಿತ್ತು. ಸಂಬಳ ಕೊಡದವರು ಇಡೀ ಜೀವಮಾನದ ಭಾರವನ್ನು ಹೊತ್ತರು. ನಾವಾದರೋ ಆ ಭಾರವನ್ನು ಬಿಟ್ಟು ಉಚಿತವಾದ ದುಡಿತವನ್ನು ಮಾತ್ರ ಇಟ್ಟುಕೊಂಡೆವು. ನಮ್ಮ ದೇಶದ ಸಭೆಗಳಲ್ಲಿಯೂ ಬೈಬಲ್ ಸ್ತ್ರೀಯರು ಹಳ್ಳಿಯಿಂದ ಹಳ್ಳಿಗೆ ನಡೆದು, ಸುವಾರ್ತೆಯ ಜೊತೆಗೆ ರೋಗಿಗಳಿಗೆ ಔಷಧವನ್ನೂ ಬುದ್ಧಿಯನ್ನೂ ಹೇಳಿದರು. ಅವರಿಗೆ ದೊರೆತದ್ದು ಅಲ್ಪವೇತನ. ಅವರ ತ್ಯಾಗವನ್ನು ಹೊಗಳುವದು ಸುಲಭ. ಅವರ ತ್ಯಾಗವನ್ನು ಇನ್ನೊಬ್ಬಳ ಕೂಲಿಯನ್ನು ಕಡಿಯುವದಕ್ಕೆ ದೃಷ್ಟಾಂತವಾಗಿ ತರುವದು ಅವರಿಗೆ ಮಾಡುವ ಅವಮಾನ.

ಐದನೆಯದಾಗಿ, ಇದು ಸರ್ಕಾರದ ಕೆಲಸ, ನಾವು ಮಾಡತಕ್ಕದ್ದೇನು ಎಂಬ ಮಾತು. ಸರ್ಕಾರವು ಮಾಡಬೇಕಾದದ್ದು ನಿಶ್ಚಯವಾಗಿ ಉಂಟು. 2004ರಲ್ಲಿ ಕರ್ನಾಟಕ ಸರ್ಕಾರವು ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದವರಿಗಾಗಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಪರವಾಗಿ ಮತ ಕೊಟ್ಟ ಭಾರತವು ಇನ್ನೂ ಅದಕ್ಕೆ ರುಜು ಹಾಕಿಲ್ಲ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದೂ, ಅವರ ಗೌರವಧನವು ಆ ಕಾಯಿದೆಯ ಮಟ್ಟಿಗೆ ವೇತನವೇ ಎಂದೂ ತೀರ್ಮಾನಿಸಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಮನೆಗೆಲಸದವರ ರಕ್ಷಣೆಗೆ ಕಾನೂನು ಬೇಕೋ ಎಂಬುವದನ್ನು ವಿಚಾರಿಸಲು ಒಂದು ಸಮಿತಿಯನ್ನು ಮಾಡಬೇಕೆಂದು ಕೇಂದ್ರ ಸರ್ಕಾರಕ್ಕೆ ಅಪ್ಪಣೆಕೊಟ್ಟಿತು. ಇವೆಲ್ಲಾ ಒಳ್ಳೆಯವೇ. ಆದರೆ ಕಾರ್ಖಾನೆಯನ್ನು ತನಿಖೆ ಮಾಡುವ ಅಧಿಕಾರಿಯು ಮನೆಯ ಹೊಸ್ತಿಲನ್ನು ದಾಟಿ ಬರುವದು ಅಪರೂಪ. ಒಳಗಿನ ಕೋಣೆಯಲ್ಲಿ ರೋಗಿಯ ಬಳಿಯಲ್ಲಿ ಕೂತವಳಿಗೆ ಏನು ಕೊಟ್ಟರೆಂಬುವದನ್ನು ನೋಡುವವನು ದೇವರೊಬ್ಬನೇ. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ದುಡಿದವರ ಮೊರೆಯು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟುತ್ತದೆ ಎಂದು ಅಪೊಸ್ತಲನಾದ ಯಾಕೋಬನು ತನ್ನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದು ಇಂಥಾ ಮುಚ್ಚಿದ ಬಾಗಿಲುಗಳಿಗಾಗಿಯೇ.

ನಾವೂ ಬಡವರು, ಎಲ್ಲಿಂದ ಕೊಡೋಣ ಎಂದು ನಿಮ್ಮಲ್ಲಿ ಅನೇಕರು ನಿಟ್ಟುಸಿರು ಬಿಡುವಿರಿ. ಆ ಮಾತು ಸತ್ಯವಾದದ್ದು. ಮಸ್ಕಿಯ ಕಡೆಯ ಒಣಬೇಸಾಯದ ಹಳ್ಳಿಗಳಲ್ಲಿ ಮಳೆ ತಪ್ಪಿದರೆ ಕೂಲಿ ಮಾಡುವವರೇ ಕೂಲಿ ಕೊಡುವವರಾಗುವದು ಹೇಗೆ? ಆದರೆ ನ್ಯಾಯವು ಹಣದ ದೊಡ್ಡದರಲ್ಲಿ ಮಾತ್ರ ಇರುವದಿಲ್ಲ. ಬಡವನೂ ಮಾಡಬಹುದಾದ ಐದು ಕೆಲಸಗಳುಂಟು. ಕೆಲಸಕ್ಕೆ ಕರೆಯುವ ದಿನವೇ ಹಣವಾಗಲಿ ಜೋಳವಾಗಲಿ ಇಷ್ಟೆಂದು ಬಾಯಿಬಿಟ್ಟು ಗೊತ್ತುಮಾಡಿಕೊಳ್ಳಿರಿ. ಆ ದಿನಗಳಲ್ಲಿ ಹೊಲದ ಕೆಲಸಕ್ಕೆ ಆಕೆಗೆ ಸಿಕ್ಕುತ್ತಿದ್ದ ಕೂಲಿಯೇ ಅದಕ್ಕೆ ಅಳತೆಗೋಲಾಗಿರಲಿ. ಗೊತ್ತಾದದ್ದನ್ನು ಗೊತ್ತಾದ ದಿನವೇ ಕೊಡಿರಿ. ಮೋಶೆಯ ಧರ್ಮಶಾಸ್ತ್ರವು ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂದು ಹೇಳಿದ್ದು ಬಡವನ ಒಲೆಯು ನಾಳೆಯ ತನಕ ಕಾಯಲಾರದು ಎಂಬುವದರಿಂದಲೇ. ವಾರಕ್ಕೆ ಒಂದು ದಿನ ಆಕೆಗೆ ಬಿಡುವು ಕೊಟ್ಟು ಆ ದಿನದ ಭಾರವನ್ನು ಮನೆಯವರೇ ಹೊತ್ತುಕೊಳ್ಳಿರಿ. ಆಕೆಗೆ ಬೇರೆ ಲೋಟ, ಬೇರೆ ಮೂಲೆ ಎಂಬ ಭೇದವನ್ನು ಮಾಡದೆ ನಿಮ್ಮ ಪಂಕ್ತಿಯಲ್ಲಿಯೇ ಉಣಬಡಿಸಿರಿ. ಆಕೆ ಕಾಯಿಲೆ ಬಿದ್ದರೆ ಹೋಗಿ ನೋಡಿರಿ.

ಒಬ್ಬ ಕುಟುಂಬದವರಿಂದ ಆಗದೆ ಇದ್ದದ್ದು ಸಭೆಯಿಂದ ಆಗಬಹುದು. ಸುಗ್ಗಿಯ ಸ್ತೋತ್ರಾರ್ಪಣೆಯಲ್ಲಿ ಬಂದ ಧಾನ್ಯದಿಂದ ಒಂದು ಪಾಲನ್ನು ತೆಗೆದಿಟ್ಟು, ಹಾಸಿಗೆ ಹಿಡಿದ ಬಡವರ ಮನೆಗೆ ಹೋಗುವವಳ ಕೂಲಿಗೆ ಕೂಡಿಸಿದರೆ, ಆಗ ಸೇವೆ ಎಂಬ ಮಾತು ಬಾಯಿಮಾತಾಗಿ ಉಳಿಯುವದಿಲ್ಲ. ಆಶಾ ಕಾರ್ಯಕರ್ತೆಯು ನಿಮ್ಮ ಮನೆಗೆ ಬಂದಾಗ ಆಕೆಯನ್ನು ಬಾಗಿಲಲ್ಲಿ ನಿಲ್ಲಿಸಿ ಕಾಯಿಸಬೇಡಿರಿ. ಆಕೆಯು ತನ್ನ ಹಕ್ಕನ್ನು ಕೇಳುವದಕ್ಕೆ ಧರಣಿಗೆ ಹೋದರೆ, ಸೇವೆ ಬಿಟ್ಟು ಬೀದಿಗೆ ಹೋದಳೆಂದು ನಿಂದಿಸಬೇಡಿರಿ. ಮತ ಕೇಳುವದಕ್ಕೆ ಬಂದವರನ್ನು, ನಮ್ಮ ಕೂಸುಗಳನ್ನು ತೂಕಮಾಡುವವಳ ಕೂಲಿಯನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ ಎಂದು ಮರ್ಯಾದೆಯಿಂದ ಕೇಳಿರಿ.

ನ್ಯಾಯತೀರ್ಪಿನ ದಿನದಲ್ಲಿ, ರೋಗಿಯಾಗಿದ್ದಾಗ ನನ್ನನ್ನು ನೋಡಿಕೊಂಡವರು ಇವರೇ ಎಂದು ಅರಸನು ಯಾರನ್ನು ತೋರಿಸುವನೆಂಬುವದು ನಮಗೆ ಗೊತ್ತಿದೆ. ನಮಗೆ ಬದಲಾಗಿ ಆ ಕೆಲಸವನ್ನು ಮಾಡಿದವಳು ಆತನ ಬಲಗಡೆಯಲ್ಲಿ ನಿಂತಿರುವಾಗ, ಆಕೆಗೆ ಸಲ್ಲಿಸದೆ ಉಳಿದ ಕೂಲಿಯು ನಮ್ಮ ಕೈಯಲ್ಲಿ ಇರಬಾರದು. ಆದದರಿಂದ, ಪ್ರಿಯರೇ, ಯಾರಿಗಾದರೂ ಇಂಥಾ ಬಾಕಿ ಉಂಟೋ ಎಂದು ಈ ರಾತ್ರಿ ಮನೆಯ ಪ್ರಾರ್ಥನೆಗೆ ಮುಂಚೆ ವಿಚಾರಿಸಿರಿ. ಇದ್ದರೆ ನಾಳೆ ಹೊತ್ತು ಮುಳುಗುವದರೊಳಗೆ ತೀರಿಸಿರಿ.